ಯಾರ ಗದ್ದೆಯದೂ ಅಲ್ಲದ ಹೊರೆ

ನಿಜದ ನ್ಯೂಟ್ರಾನುಗಳು ಇಲ್ಲಿಲ್ಲ.
ಅವು ಯಾವುದೋ ಚಳಿದೇಶದ ನೆಲಮಾಳಿಗೆಯಲ್ಲಿ
ಅಯಸ್ಕಾಂತ ಹಾಸಿದ ಬೋಗುಣಿಯೊಳಗೆ
ಎದೆಯೆತ್ತರ ನೆಗೆದು, ಬಿದ್ದು,
ಮತ್ತೆ ನೆಗೆದು,
ಹದಿನೈದು ನಿಮಿಷ ತುಂಬುವ ಮೊದಲೇ
ಬಹುಪಾಲು ಒಡೆದು ಹೋಗುತ್ತವೆ:
ಒಂದು ಪ್ರೋಟಾನು, ಒಂದು ಎಲೆಕ್ಟ್ರಾನು,
ಇನ್ನೊಂದು, ಯಾರ ಕೈಗೂ ಸಿಗದೆ ಗೋಡೆ ದಾಟುವುದು.

ನನ್ನವು ಇಲ್ಲಿವೆ, ಮಾನಸಗಂಗೋತ್ರಿಯ
ಎರಡನೇ ಮಹಡಿಯಲ್ಲಿ,
ಫ್ಯಾನು ಮುಲುಗುವ ಮೂರು ಪೆಟ್ಟಿಗೆಗಳಲ್ಲಿ.
ರಾತ್ರಿಗೆ ಒಂದು ಕೋಟಿ ಹುಟ್ಟಿಸುತ್ತೇನೆ.
ಬೀಜಸಂಖ್ಯೆ ಒಂದು ಒತ್ತಿದರೆ ಸಾಕು,
ಪ್ರತಿಯೊಂದಕ್ಕೂ ಅದರದೇ ವೇಗ, ಅದರದೇ ದಿಕ್ಕು,
ಅದರದೇ ಹಣೆಬರಹ.
ಬರೆಸುವವಳು ನಾನೇ ಆದರೂ
ಯಾವುದಕ್ಕೆ ಏನು ಬಿತ್ತೆಂದು ನನಗೂ ಗೊತ್ತಿಲ್ಲ.

ತಕರಾರು ಇಷ್ಟೆ:
ಬೋಗುಣಿಯಲ್ಲಿ ಉಳಿದವನ್ನು ಎಣಿಸುವವರಿಗೆ ಒಂದು ಆಯಸ್ಸು,
ಹರಿವ ಧಾರೆಯಲ್ಲಿ ಒಡೆದವನ್ನು ಎಣಿಸುವವರಿಗೆ ಇನ್ನೊಂದು.
ನಡುವೆ ಒಂಬತ್ತು ಸೆಕೆಂಡು, ಚಿಲ್ಲರೆ.
ಒಂದು ತುತ್ತು ಅಗಿದು ನುಂಗುವಷ್ಟು ಹೊತ್ತು.
ಇಷ್ಟಕ್ಕೆ ಅಷ್ಟು ವರ್ಷದ ಜಗಳವೇ ಎಂದು
ಕೆಳಗೆ ಕಾಫಿ ಮಾಡುವ ಪುಟ್ಟಗೌರಮ್ಮ ಕೇಳಿದರು.
ಹೇಳಿದೆ: ಲೋಕ ಹುಟ್ಟಿದ ಮೊದಲ ನಿಮಿಷಗಳಲ್ಲಿ
ಎಷ್ಟು ಹೀಲಿಯಂ ಆಯಿತೆನ್ನುವ ಲೆಕ್ಕ ಇದರ ಮೇಲೆ ನಿಂತಿದೆ.
"ಆದ್ರೂವೆ," ಎಂದು ಲೋಟ ತೊಳೆದರು.

ಕಳೆದದ್ದು ಒಡೆದು ಕಳೆಯಿತೋ
ಸಂದಿಯಲ್ಲಿ ಸೋರಿ ಕಳೆಯಿತೋ,
ಬೋಗುಣಿ ಹೇಳುವುದಿಲ್ಲ.

ಮಂಚಯ್ಯ ಮಾವ ಮಂಡ್ಯದಲ್ಲಿ
ಕಬ್ಬಿನ ತೂಕದಮನೆಗೆ ಗುಮಾಸ್ತರು.
ಹೊರಗೆ ಮೈಲಿಯುದ್ದ ಗಾಡಿಗಳ ಸಾಲು;
ಬೆಳಿಗ್ಗೆ ಬಂದ ಕಬ್ಬು
ಸಂಜೆ ಕಾಟಾ ಹತ್ತುವಾಗ ತೂಕ ಕಡಿಮೆ.
ಒಣಗಿದ್ದು ಎಂದರು ಕಾರ್ಖಾನೆಯವರು.
ನುಂಗಿದ್ದು ಎಂದರು ಗಾಡಿಯವರು.
ಮಾವ ಯಾರ ಕಡೆಗೂ ಮಾತಾಡದೆ
ಮಾಡಿನ ಕೊಕ್ಕೆಗೆ ಒಂದು ಹೊರೆ ಕಬ್ಬು ನೇತುಹಾಕಿದರು.
ಅದು ಯಾರ ಗದ್ದೆಯದೂ ಅಲ್ಲ, ಯಾರ ಬಾಬ್ತೂ ಅಲ್ಲ.
ಗಂಟೆಗೊಮ್ಮೆ ಇಳಿಸಿ, ತೂಗಿ, ಬರೆದು, ಮತ್ತೆ ಕೊಕ್ಕೆಗೆ.
"ಸಾಲ್ನಲ್ಲಿರೋ ಕಬ್ಬು ಬಾಯ್ಬುಡಕಿಲ್ಲ ಕಣ್ ಕೂಸು.
ಇದು ಬುಡ್ತದೆ."

ಈಗ ನನ್ನ ಕೊಕ್ಕೆಯಲ್ಲಿ ಕೋಟಿ.
ಇವುಗಳ ಆಯಸ್ಸು ನಾನೇ ಕೊಟ್ಟದ್ದು,
ಎಂಟುನೂರ ಎಂಬತ್ತು, ತಿಳಿದೂ ತಿಳಿದೂ.
ಎಣಿಸಿ ನೋಡಿದರೆ ಅಷ್ಟೇ ಬರಬೇಕು.
ಮೊನ್ನೆ ಅರ್ಧ ಸೆಕೆಂಡು ಕಡಿಮೆ ಬಂತು.

ನಾಲ್ಕು ರಾತ್ರಿ ಹುಡುಕಿದೆ.
ನಡುವೆ ಒಮ್ಮೆ ಕರೆಂಟು ಹೋಗಿ
ಅರವತ್ತು ಲಕ್ಷ, ಒಡೆಯದೆ, ಸೋರದೆ,
ಹಾಗೇ ಇಲ್ಲವಾದವು.
ಅದಕ್ಕೆ ಯಾವ ಶಾಸ್ತ್ರದಲ್ಲೂ ಹೆಸರಿಲ್ಲ.
ಐದನೆಯ ದಿನ, ಕುಕ್ಕರಹಳ್ಳಿ ಕೆರೆಗೆ
ವಾಕಿಂಗಿನವರು ಇಳಿಯುವ ಹೊತ್ತಿಗೆ, ಸಿಕ್ಕಿತು:
ಅವರೇ ಅಳೆದು ಕಳಿಸಿದ ನಕ್ಷೆಯಲ್ಲಿ
ಎರಡು ಅಯಸ್ಕಾಂತ ಕೂಡುವ ಮೂಲೆಗೆ
ಬಲ ತುಸು ತೆಳ್ಳಗಾಗಿದೆ.
ಚುರುಕಾದವು ಕೆಲವು ಅಲ್ಲಿ ತಲೆ ತೂರಿಸಿ
ಸದ್ದಿಲ್ಲದೆ ಹೊರಟಿದ್ದವು.
ಸಾವೆಂದು ನಾನು ಬರೆದುಕೊಂಡದ್ದೆಲ್ಲ ಸಾವಲ್ಲ.

ಆ ಚಳಿದೇಶಕ್ಕೆ ಬರೆದೆ: ನಿಮ್ಮ ಬೋಗುಣಿಯಲ್ಲೂ
ಆ ಮೂಲೆಯೊಂದನ್ನು ಕೈಯಿಟ್ಟು ನೋಡಿ.
ಉತ್ತರ ಬಂದಿಲ್ಲ. ಅಲ್ಲಿನ್ನೂ ರಾತ್ರಿ.

ಏಳು ವರ್ಷದವಳಿದ್ದಾಗ ನಾನೊಮ್ಮೆ
ಮಾವನ ಹೊರೆಯಿಂದ ಒಂದು ಜಲ್ಲೆ ಎಳೆದು
ತೂಕದಮನೆಯ ಹಿಂದೆ ಕೂತು ತಿಂದಿದ್ದೆ.
ಸಿಪ್ಪೆ ಮಣ್ಣಲ್ಲಿ ಹೂತು ಬಾಯಿ ಒರೆಸಿ ಬಂದೆ.
ಮೂರು ಗಂಟೆಗೆ ಮಾವ ತೂಗಿದರು.
ಕೊಕ್ಕೆ ನೋಡಿದರು. ನನ್ನ ಗಲ್ಲ ನೋಡಿದರು.
ಬೈಯಲಿಲ್ಲ.
"ಒಣಗಿದ್ದು" ಎಂಬ ಮನೆಗೆ ಅದನ್ನು ಸೇರಿಸಲೂ ಇಲ್ಲ.
ಸ್ಕೇಲಿಟ್ಟು ಹೊಸದೊಂದು ಗೆರೆ ಎಳೆದು
ಕೆಂಪು ಶಾಯಿಯಲ್ಲಿ ಬರೆದರು:
ಜಲ್ಲೆ ಒಂದು. ಕೂಸು.